ಎಂಟು ಬೈ ಹತ್ತರ ಮರ್ಯಾದೆ

ಜಪಾನಿನ ಓನ್ಸೆನ್‌ಗಳಲ್ಲಿ, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನಗೃಹಗಳಲ್ಲಿ, ‘ಹಚ್ಚೆ ಇದ್ದವರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಎಷ್ಟೋ ಕಡೆ ಬಾಗಿಲಲ್ಲಿ ಇರುವುದೇ ಇಲ್ಲ. ಬೂಟು ಬಿಚ್ಚಿ ಲಾಕರಿಗೆ ಹಾಕಿ, ಟಿಕೆಟ್ ಮಷೀನಿಗೆ ಸಾವಿರ ಯೆನ್ ನೋಟು ತಿನ್ನಿಸಿ, ಬಾಡಿಗೆ ಟವೆಲ್ಲಿನ ಬಟನ್ನನ್ನೂ ಒತ್ತಿ ಕೌಂಟರಿಗೆ ಬಂದರೆ, ಅಲ್ಲಿ ಬೆಕ್ಕಿನ ಗೊಂಬೆಯ ಪಕ್ಕದಲ್ಲಿ ಅಂಗೈಯಗಲದ ಬೋರ್ಡು. ದುಡ್ಡು ಕೊಟ್ಟ ಮೇಲೆ ಕಾಣಬೇಕು ಅಂತಲೇ ಇಟ್ಟಂತಿರುತ್ತದೆ.

ಅಷ್ಟರಲ್ಲಿ ಕೌಂಟರಿನವರ ಕಣ್ಣು ನಿಮ್ಮ ಅಂಗಿ ತೋಳಿನ ಅಂಚಿಗೆ ಬಿದ್ದಿರುತ್ತದೆ. ಬೈಯುವುದಿಲ್ಲ. ಎರಡೂ ಮುಂಗೈಗಳನ್ನು ಎದೆಯ ಮುಂದೆ ಕತ್ತರಿಯ ಹಾಗೆ ಅಡ್ಡ ಹಿಡಿಯುತ್ತಾರೆ. ಆಗುವುದಿಲ್ಲ ಅಂತ. ಆಮೇಲೆ ‘ಸುಮಿಮಾಸೆನ್’, ಅಂದರೆ ಕ್ಷಮಿಸಿ, ಎಂದು ಬಗ್ಗುತ್ತಾರೆ. ನೀವು ‘ಸಣ್ಣದು ಸ್ವಾಮಿ, ಮಗಳ ಹೆಸರು’ ಎಂದು ಬೆರಳಲ್ಲಿ ಅಳತೆ ತೋರಿಸಿದರೆ ಇನ್ನೂ ಸ್ವಲ್ಪ ಬಗ್ಗುತ್ತಾರೆ. ವಾದ ಉದ್ದವಾದಷ್ಟೂ ಅವರ ಬೆನ್ನು ಬಾಗುತ್ತದೆಯೇ ಹೊರತು ಆ ಕತ್ತರಿ ಬಿಚ್ಚುವುದಿಲ್ಲ. ಬೈದು ಕಳಿಸಿದರೆ ನಾವೂ ನಾಲ್ಕು ಮಾತು ಅಂದು ಬರಬಹುದು. ಕೈಮುಗಿದಷ್ಟು ವಿನಯದಿಂದ ಹೊರಗೆ ಹಾಕಿದವರನ್ನು ಏನು ಮಾಡುವುದು? ನಾವೇ ಕ್ಷಮೆ ಕೇಳಿ ಬೂಟು ಹಾಕಿಕೊಳ್ಳಬೇಕಾಗುತ್ತದೆ.

ಹಚ್ಚೆ ಕಂಡರೆ ಈ ಹೆದರಿಕೆಗೆ ಕಾರಣ ಯಾಕುಜಾ ಎಂಬ ಅಲ್ಲಿನ ರೌಡಿ ಬಳಗ; ಬೆನ್ನ ತುಂಬ ಡ್ರ್ಯಾಗನ್ ಬರೆಸಿಕೊಳ್ಳುವವರು. ಅದಕ್ಕೂ ಹಿಂದೆ, 1720ರ ಸುಮಾರಿನಿಂದ, ಕಳ್ಳರ ತೋಳಿಗೆ ಹಚ್ಚೆಯ ಪಟ್ಟಿ ಎಳೆಯುವುದೇ ಒಂದು ಶಿಕ್ಷೆಯಾಗಿತ್ತು. 1872ರಲ್ಲಿ ಸರ್ಕಾರ ಹಚ್ಚೆಯನ್ನೇ ನಿಷೇಧಿಸಿತು, 1948ರಲ್ಲಿ ನಿಷೇಧ ಹೋಯಿತು. ಕಾನೂನು ಹೋದರೂ ಬೋರ್ಡು ಉಳಿಯಿತು. 2015ರಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ಹೋಟೆಲು, ವಸತಿಗೃಹಗಳನ್ನು ಕೇಳಿದಾಗ ಉತ್ತರ ಕೊಟ್ಟವರಲ್ಲಿ ಸುಮಾರು ಶೇ. 56ರಷ್ಟು ಮಂದಿ ಬಿಡುವುದಿಲ್ಲ ಎಂದರು, ಶೇ. 31 ಬಿಡುತ್ತೇವೆ ಎಂದರು. ಉಳಿದ ಶೇ. 13 ಇದ್ದಾರಲ್ಲ, ನನ್ನ ತಕರಾರು ಅವರ ಮೇಲೆ. ‘ಮುಚ್ಚಿಕೊಂಡು ಬಂದರೆ ಬಿಡುತ್ತೇವೆ’ ಎಂದವರು ಅವರು.

ಮುಚ್ಚುವುದಕ್ಕೆ ಸ್ಟಿಕ್ಕರ್ ಬರುತ್ತದೆ. ಸಾಮಾನ್ಯವಾಗಿ 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದ. ಕೆಲವು ಕಡೆ ಒಂದೇ ಹಾಳೆ ಲೆಕ್ಕ. ಅದರಲ್ಲಿ ಅಡಗಿದರೆ ಸಭ್ಯರು, ಮೀರಿದರೆ ಮನೆಗೆ. ಪ್ಯಾಕೆಟ್ಟಿನ ಮೇಲೆ ‘ಚರ್ಮದ ಬಣ್ಣ’ ಎಂದಿರುತ್ತದೆ. ಯಾರ ಚರ್ಮ ಅಂತ ಇರುವುದಿಲ್ಲ. ನಮ್ಮ ಕಡೆಯ ಎಣ್ಣೆಗೆಂಪು ಮೈಗೆ ಅದನ್ನು ಅಂಟಿಸಿದರೆ ಹಚ್ಚೆ ಮುಚ್ಚುವುದೇನೋ ಹೌದು, ಆದರೆ ಇಡೀ ಕೊಳದ ಕಣ್ಣು ಅಲ್ಲಿಗೇ ಬೀಳುತ್ತದೆ. ಅದರಡಿ ಏನಿದೆ ಅಂತ ಎಲ್ಲರಿಗೂ ಗೊತ್ತು. ಗೊತ್ತಾದರೆ ತೊಂದರೆಯಿಲ್ಲ, ಮುಚ್ಚಿದ್ದೀರಿ ಎಂಬುದು ಕಂಡರೆ ಸಾಕು.

ಅಂಟಿಸುವುದಕ್ಕೂ ಕ್ರಮವಿದೆ. ಆ ದಿನ ಮೈಗೆ ಕೊಬ್ಬರಿ ಎಣ್ಣೆ, ಲೋಷನ್ ಯಾವುದೂ ಬೇಡ. ಕೂದಲಿದ್ದರೆ ಹಿಂದಿನ ದಿನವೇ ಬೋಳಿಸಿ. ಜಾಗವನ್ನು ಒರೆಸಿ ಪೂರ್ತಿ ಒಣಗಿಸಿ. ಹಚ್ಚೆಗಿಂತ ಸುತ್ತಲೂ ಒಂದು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯೇ ಮೊದಲು ಏಳುವುದು. ನಡುವಿನಿಂದ ಅಂಚಿಗೆ ಗಾಳಿ ಹೊರಡಿಸುತ್ತ ಒತ್ತಿ, ಮನೆಯಲ್ಲೇ ಅಂಟಿಸಿಕೊಂಡು ಹೊರಡಿ. ಮೊಣಕೈ, ಮಂಡಿಯ ಹತ್ತಿರ ಹಚ್ಚೆಯಿದ್ದರೆ ಆಸೆ ಬಿಡಿ, ಮಡಚಿದಾಗೆಲ್ಲ ಕಿತ್ತುಬರುತ್ತದೆ.

ಈಗ ಎದೆಯ ಮೇಲೆ ಅಪ್ಪು ಮುಖ ಬರೆಸಿಕೊಂಡ ನಮ್ಮ ಹುಡುಗ ಟೋಕಿಯೋದಲ್ಲಿ ಕೆಲಸಕ್ಕೆ ಹೋಗಿದ್ದಾನೆ ಎಂದಿಟ್ಟುಕೊಳ್ಳಿ. ಒಂದು ಹಾಳೆಗೆ ಅಪ್ಪು ಸಾಲುವುದಿಲ್ಲ. ಎರಡು ಬೇಕು, ನಡುವೆ ಒಂದು ಜೋಡು ಬೀಳುತ್ತದೆ. ಕೊಳಕ್ಕೆ ಇಳಿಯುವ ಮೊದಲು ಕುಳ್ಳಗಿನ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ತೊಳೆದುಕೊಳ್ಳುವುದು ಕಡ್ಡಾಯ. ಸ್ಟಿಕ್ಕರು ಕೆಡುವುದು ಕೊಳದಲ್ಲಲ್ಲ, ಇಲ್ಲಿ. ಉಜ್ಜುವುದೇ ಸ್ನಾನ ಎಂದು ಬೆಳೆದ ಕೈ ಎದೆಯನ್ನೂ ಒಂದು ಸಲ ಉಜ್ಜಿಬಿಡುತ್ತದೆ. ಆಮೇಲೆ 42 ಡಿಗ್ರಿ ನೀರು. ಒಳಗಿನಿಂದ ಬೆವರು, ಹೊರಗಿನಿಂದ ಹಬೆ. ಹತ್ತು ನಿಮಿಷದಲ್ಲಿ ಜೋಡಿನ ಹತ್ತಿರ ಗುಳ್ಳೆ ಏಳುತ್ತದೆ. ಮೊದಲು ಹಣೆ ಕಾಣುತ್ತದೆ. ಹುಡುಗ ಗಲ್ಲದವರೆಗೆ ಮುಳುಗಿ, ಅಂಗೈಯಲ್ಲಿ ಎದೆ ಒತ್ತಿಕೊಂಡು, ರಾಷ್ಟ್ರಗೀತೆಗೆ ನಿಂತವನ ಗಾಂಭೀರ್ಯದಲ್ಲಿ ಕೂರುತ್ತಾನೆ. ಎದುರಿಗಿರುವ ಎಂಬತ್ತರ ತಾತ ನೋಡಿಯೂ ನೋಡದಂತೆ ತಲೆ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತಾರೆ. ಕೈ ಒಂದು ಕ್ಷಣ ಸಡಿಲವಾಯಿತೋ, ಕೆಳಗಿನ ತುಂಡು ತೇಲಿಕೊಂಡು ತಾತನ ಕಡೆ ಹೊರಟಿತು. ಎದೆಯ ಮೇಲೆ ಅಪ್ಪು ಬಾಯಿತುಂಬ ನಗುತ್ತಿದ್ದಾರೆ! ಟವೆಲ್ಲಿನ ಅಂಚನ್ನೂ ನೀರಿಗೆ ತಾಕಿಸದ ಊರಿನಲ್ಲಿ ಈ ತೇಲುವ ತೇಪೆ ಹಚ್ಚೆಗಿಂತ ದೊಡ್ಡ ಅಪರಾಧ.

ಇಷ್ಟೆಲ್ಲ ಬೇಡವೆಂದರೆ ಬಿಡುವ ಊರಿಗೇ ಹೋಗಬೇಕು. ಕಿನೊಸಾಕಿಯಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ, ಏಳರಲ್ಲೂ ಹಚ್ಚೆಗೆ ಅಡ್ಡಿಯಿಲ್ಲ. ಯುಕಾತಾ ಎಂಬ ತೆಳು ಹತ್ತಿ ನಿಲುವಂಗಿ ಸುತ್ತಿಕೊಂಡು ಒಂದರಿಂದ ಒಂದಕ್ಕೆ ಅಲೆಯಬಹುದು. ಮತ್ಸುಯಾಮಾದ ದೋಗೋದಲ್ಲೂ, 1894ರ ಆ ಮರದ ಕಟ್ಟಡದಲ್ಲಿ, ಯಾರೂ ಕೇಳುವುದಿಲ್ಲ. ಟೋಕಿಯೋದ ಬೀದಿಬದಿಯ ಸೆಂತೋಗಳಲ್ಲಿ, ಅಂದರೆ ಮಾಮೂಲಿ ಸಾರ್ವಜನಿಕ ಸ್ನಾನಗೃಹಗಳಲ್ಲಿ, ಹೆಚ್ಚಿನವು ತಕರಾರು ಮಾಡುವುದಿಲ್ಲ. ಸತಾಯಿಸುವುದು ಹೊಸ, ದೊಡ್ಡ, ಥಳಥಳ ಸ್ನಾನಗೃಹಗಳು. ಹಚ್ಚೆ ಹೊಸದಾಗಿದ್ದರೆ ಮಾತ್ರ ಗಾಯ ಪೂರ್ತಿ ಮಾಯುವವರೆಗೆ ಯಾವ ನೀರಿಗೂ ಇಳಿಯಬೇಡಿ. ಕುಸಾತ್ಸು ಎಂಬ ಓನ್ಸೆನ್ ಊರಿನ ನೀರಿನ ಪಿಎಚ್ 2ರ ಆಸುಪಾಸು, ಅಂದರೆ ಕಡು ಆಮ್ಲ; ಹಸಿ ಚರ್ಮಕ್ಕೆ ಉರಿ ಕಿತ್ತುಬರುತ್ತದೆ.

ಹುಡುಗನ ಕಥೆ ಹೋಗಲಿ. ಮೊಮ್ಮಗುವಿನ ಬಾಣಂತನಕ್ಕೆ ಅಂತ ಹಳ್ಳಿಯಿಂದ ಹೋಗುವ ಅಜ್ಜಿಯರೂ ಇದ್ದಾರೆ. ಮುಂಗೈ ಮೇಲೆ ಹಸಿರು ತೊಟ್ಟಿಲು, ಹಣೆ ನಡುವೆ ಅಳಿಸದ ಬೊಟ್ಟು. ಕೊರವಂಜಿ ಜಗಲಿಯ ಮೇಲೆ ಕೂತು ಸೂಜಿಯಲ್ಲಿ ಚುಚ್ಚುವಾಗ ಕಣ್ಣೀರು ಬಂದರೂ ಕೈ ಎಳೆದುಕೊಳ್ಳದೆ ಹಾಕಿಸಿಕೊಂಡದ್ದು. ಸತ್ತಾಗ ಒಡವೆಯೆಲ್ಲ ಬಿಚ್ಚಿಕೊಳ್ಳುತ್ತಾರೆ, ಇದೊಂದು ನನ್ನ ಜೊತೆಗೇ ಬರುತ್ತದೆ ಎನ್ನುತ್ತಿದ್ದರು. ಮಂಡಿನೋವಿಗೆ ಆ ಬಿಸಿನೀರು ಬೇಕಾದದ್ದೂ ಇವರಿಗೇ. 2013ರಲ್ಲಿ ಹೊಕ್ಕೈಡೊದ ಒಂದು ಸ್ನಾನಗೃಹದಲ್ಲಿ, ಮುಖದ ಮೇಲೆ ಮನೆತನದ ಹಚ್ಚೆಯಿದ್ದ ನ್ಯೂಜಿಲೆಂಡಿನ ಮಾವೊರಿ ಹಿರಿಯ ಮಹಿಳೆಯೊಬ್ಬರನ್ನು ವಾಪಸು ಕಳಿಸಿದ್ದರು. ಹಣೆಗೂ ಗದ್ದಕ್ಕೂ ಯಾರು ಸ್ಟಿಕ್ಕರ್ ಅಂಟಿಸುತ್ತಾರೆ?

ಅಜ್ಜಿಯರಿಗೆ ಇರುವ ದಾರಿ ಕಶಿಕಿರಿ, ಅಂದರೆ ಮನೆಮಂದಿಗೆ ಬಾಡಿಗೆಗೆ ಕೊಡುವ ಪ್ರತ್ಯೇಕ ಕೊಠಡಿ. ಮೊದಲೇ ಫೋನ್ ಮಾಡಿ ಕಾಯ್ದಿರಿಸಬೇಕು; ಸಾಮಾನ್ಯವಾಗಿ 45ರಿಂದ 60 ನಿಮಿಷ ಸಿಗುತ್ತದೆ, ಬಟ್ಟೆ ಬಿಚ್ಚಿ ಉಡುವ ಹೊತ್ತೂ ಅದರಲ್ಲೇ. ಒಳಗೆ ಹಚ್ಚೆ ನೋಡುವವರು ಯಾರೂ ಇಲ್ಲ. ಮಗಳು ಇದನ್ನೆಲ್ಲ ವಿವರಿಸಿ, ದುಡ್ಡು ಕಟ್ಟಿ, ಕರೆದುಕೊಂಡು ಹೋದ ಮೇಲೆ ಅಜ್ಜಿ ಬಾಗಿಲಲ್ಲಿ ನಿಂತು ಕೇಳುತ್ತಾರೆ, ‘ಸೀರೆ ಉಟ್ಕೊಂಡೇ ಇಳೀಬೋದು ತಾನೆ?’