ಸಕ್ರಿ ಓದಿಸ್ಕೊಂಡ್ ಬಂದ್ವಿ, ಕಥಿ ಕೇಳಲಿಲ್ಲ

ನಮ್ಮೂರು ಶಿಗ್ಗಾಂವಿ ಹತ್ರ, ಶಿಕಾಗೋಕ್ಕ ಬಂದು ಹನ್ನೊಂದು ವರ್ಷ ಆತು. ಇಲ್ಲೆ ಮಿಶಿಗನ್ ಅವೆನ್ಯೂದಾಗ ಆರ್ಟ್ ಇನ್‌ಸ್ಟಿಟ್ಯೂಟ್ ಬಿಲ್ಡಿಂಗ್ ಐತಲ್ಲ, 1893ರ ಸರ್ವಧರ್ಮ ಸಮ್ಮೇಳನ ನಡೆದದ್ದು ಅದರಾಗನ. ಸಾಲ್ಯಾಗ ನಮಗ ವಿವೇಕಾನಂದರ ಭಾಷಣ ಅಷ್ಟ ಹೇಳಿದ್ರು, ಆದ್ರ ಜೈನರ ಪರವಾಗಿ ವೀರಚಂದ ಗಾಂಧಿ, ಸಿಲೋನಿನ ಅನಗಾರಿಕ ಧರ್ಮಪಾಲರು, ಜಪಾನಿನ ಝೆನ್ ಗುರು ಸೋಯೆನ್ ಶಾಕು ಎಲ್ಲಾರೂ ಬಂದಿದ್ರು. ಇಂಗ್ಲೆಂಡ್ ಚರ್ಚಿನ ಹಿರಿಯರಾದ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ಪರು ಮಾತ್ರ ಉಳಿದವರ ಸರಿಸಮ ಕೂಡಂಗಿಲ್ಲ ಅಂತ ಬರಲೇ ಇಲ್ಲ. ಬ್ಯಾರೆ ಧರ್ಮದಾಗಿನ ಸತ್ಯವನ್ನ ನಾವು ತಳ್ಳಿಹಾಕಂಗಿಲ್ಲ ಅಂತ ವ್ಯಾಟಿಕನ್ ಬರದು ಕೊಟ್ಟದ್ದು 1965ರಾಗ.

ಇದನ್ನೆಲ್ಲಾ ಓದಿದಾಗ ನನಗ ಬಾಳ ಹೆಮ್ಮಿ ಬಂದಿತ್ತು, ಯಾಕಂದ್ರ ಹಿಂದೂ ಮುಸ್ಲಿಂ ಭೇದ ಇಲ್ಲದ ಬಾಳಿದ ನಮ್ಮ ಶಿಶುನಾಳ ಶರೀಫರು ಈ ಸಭಾಕ್ಕಿಂತ ನಾಲ್ಕು ವರ್ಷ ಮೊದ್ಲ, 1889ರಾಗನ ತೀರಿಕೊಂಡ್ರು, ಕಳಸದ ಗೋವಿಂದ ಭಟ್ಟರು ಅವರಿಗೆ ಜನಿವಾರ ಹಾಕಿದ್ರು ಅಂತ ನಮ್ಮ ಕಡೆ ಇವತ್ತಿಗೂ ಹೇಳ್ತಾರ, ಗದ್ದಿಗಿಗೆ ಎರಡೂ ಕಡೆ ಮಂದಿ ಹೋಗ್ತಾರ. ನಮಗ ಇವರ ಮೀಟಿಂಗು ಯಾಕ ಬೇಕು ಅಂತಿದ್ದೆ.

ಆ ಮಾತು ಬಿಟ್ಟದ್ದು ಒಂದು ಚರ್ಚಿನ ಬೇಸ್‌ಮೆಂಟಿನಾಗ. ಅಲ್ಲಿ ತಿಂಗಳಿಗೊಮ್ಮೆ ಚರ್ಚು, ಮಸೀದಿ, ಯಹೂದಿಗಳ ಸಿನಗಾಗಿನ ಮಂದಿ ಕೂಡ್ತಾರ, ಒಬ್ರನ್ನೊಬ್ರು ನೇರ ಕೇಳ್ತಾರ, ನೀವು ಹಿಂಗ್ಯಾಕ ಮಾಡ್ತೀರಿ ಅಂತ. ಇರಾಕಿನ ಒಬ್ಬ ಹಿರಿಯರು ಕರ್ಬಲಾ ಕಥಿ ಹೇಳಿದ್ರು. 680ನೇ ಇಸವಿ, ಪ್ರವಾದಿಗಳ ಮೊಮ್ಮಗ ಹುಸೇನರು, ಸಂಗಡ ಎಪ್ಪತ್ತೆರಡು ಮಂದಿ, ಬಾಜೂಕ ಯೂಫ್ರೆಟಿಸ್ ನದಿ ಹರೀತಿದ್ರೂ ಮಕ್ಕಳಿಗೆ ಒಂದು ಗುಟುಕು ನೀರು ಬಿಡಲಿಲ್ಲಂತ, ಹೇಳ್ತಾ ಹೇಳ್ತಾ ಅವರ ಗಂಟಲ ಕಟ್ಟಿತು, ನಾನು ತಲಿ ಎತ್ತಲಿಲ್ಲ. ಸಣ್ಣಾವಿದ್ದಾಗ ಪ್ರತಿ ಮೊಹರಂಗೂ ಅಲಾವಿ ಬೆಂಕಿ ಮುಂದ ಹೆಜ್ಜಿ ಹಾಕಿದಾಂವ ನಾನು, ಅವ್ವ ಕೊಟ್ಟ ಸಕ್ರಿ ಒಯ್ದು ಅದರ ಮ್ಯಾಲೆ ಪ್ರಾರ್ಥನಿ ಓದಿಸ್ಕೊಂಡು ಬಂದಾಂವ, ಬಾಜೂ ಮನಿ ಚಾಚಾನ ಮನ್ಯಾಗ ಹೊಟ್ಟಿತುಂಬ ಸಿಹಿ ಚೊಂಗೆ ತಿಂದಾಂವ. ಮೊಹರಂದಾಗ ಹಾಡೋ ರಿವಾಯತ್ ಪದದಾಗ ಹುಸೇನ ಅಂತ ಕೇಳ್ತಿದ್ದೆ, ಆದ್ರ ಅಂವ ಯಾರು, ಯಾಕ ಸತ್ತ ಅಂತ ಒಂದು ದಿನಾನೂ ಕೇಳಿದ್ದಿಲ್ಲ.

ನಮ್ಮ ಕಡೆ ಕೂಡಿ ದುಡೀತಾರ, ಕೂಡಿ ದೇವರು ಹೊರತಾರ, ಅದನ್ನ ಇಲ್ಲಿಯವರು ನೂರು ಮೀಟಿಂಗ್ ಮಾಡಿದ್ರೂ ತರಾಕ ಆಗಂಗಿಲ್ಲ, ಮೀಟಿಂಗ್ ಮುಗದ ಮ್ಯಾಲೆ ಎಲ್ಲಾರೂ ತಮ್ಮ ತಮ್ಮ ಕಾರ್ ಹತ್ತಿ ಹೋಗ್ತಾರ. ಆದ್ರ ಕೇಳೋದು ನಮಗ ರೂಢಿ ಇಲ್ಲ, ಕೇಳಿದ್ರ ತಪ್ಪು ತಿಳೀತಾರ ಅಂತ ಸುಮ್ಮನಿರ್ತೀವಿ, ಅದಕ್ಕ ಊರಾಗ ಯಾರರ ಸುಳ್ಳು ಸುದ್ದಿ ಹಬ್ಬಿಸಿದ್ರ ಇಲ್ಲಪಾ ಅದು ಹಂಗಲ್ಲ ಅಂತ ತಿಳಿಸಿ ಹೇಳಾಕ ನಮ್ಮ ಬಾಯಾಗ ಮಾತಿರಂಗಿಲ್ಲ.

ಅವತ್ತ ರಾತ್ರಿ ಚಾಚಾಗ ಫೋನ್ ಹಚ್ಚಿ ಇದನ್ನೆಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, "ತಮ್ಮಾ, ನಿಮ್ಮಪ್ಪ ದಿನಾ ಮುಂಜಾನಿ ಲಿಂಗಾ ಅಂಗೈಯಾಗ ಹಿಡಕೊಂಡು ಅದರಾಗ ಏನು ನೋಡ್ತಿದ್ದ? ಕೇಳಬೇಕು ಕೇಳಬೇಕು ಅಂತಿದ್ದೆ, ಅಷ್ಟರಾಗ ಅಂವ ಹೋಗೇಬಿಟ್ಟ."

ನಾನು ಕುರ್ಚಿ ಎಳಕೊಂಡು ಕುಂತು, ನನಗ ಗೊತ್ತಿದ್ದಷ್ಟು ಹೇಳಾಕ ಶುರು ಮಾಡಿದೆ.