ತಪ್ಪನ್ನು ಬಚ್ಚಿಡುವ ಕೀಗಳು

ಸೈಂಟಿಫಿಕ್ ಕ್ಯಾಲ್ಕುಲೇಟರಿನ ಕೀಗಳನ್ನು ಹೇಗೆ ಜೋಡಿಸಬೇಕು ಅಂತ ಮಾತು ಬಂದಾಗಲೆಲ್ಲ ಒಂದೇ ಉತ್ತರ ಕೇಳ್ತೀವಿ: ಜಾಸ್ತಿ ಬಳಸೋದು ಬೆರಳಿಗೆ ಹತ್ತಿರ ಇರಲಿ, ಅಪರೂಪದ್ದು ಮೂಲೆಗೆ ಹೋಗಲಿ. ತಪ್ಪೇನಿಲ್ಲ. ಆದರೆ ನನ್ನ ಪ್ರಕಾರ ಅದು ಎರಡನೇ ನಿಯಮ. ಮೊದಲನೆಯದು ಬೇರೆಯೇ ಇದೆ: ಯಾವ ಕೀಯನ್ನು ತಪ್ಪಾಗಿ ಬಳಸಿದರೆ ಯಂತ್ರ ತುಟಿ ಪಿಟಕ್ಕೆನ್ನದೆ ನಂಬುವಂಥ ತಪ್ಪು ಉತ್ತರ ಕೊಡುತ್ತೋ, ಆ ಕೀಯ ಲೇಬಲ್ ಮೇಲೆ ವಿನ್ಯಾಸಕಾರ ಅತಿ ಹೆಚ್ಚು ಹೊತ್ತು ಕೂರಬೇಕು. ಭಾಗಾಕಾರ ಒತ್ತಿ ಹಿಂದೆಯೇ ಗುಣಾಕಾರ ಒತ್ತಿದರೆ 'ಸಿಂಟ್ಯಾಕ್ಸ್ ಎರರ್' ಅಂತ ಪರದೆಯೇ ಹೇಳುತ್ತೆ, ತಿದ್ದಿಕೊಳ್ತೀವಿ. ಅಂಥ ಕೀಗಳ ಬಗ್ಗೆ ನನಗೆ ಚಿಂತೆಯಿಲ್ಲ. ಮಾತಾಡದ ಕೀಗಳದ್ದೇ ಚಿಂತೆ.

ಇದು ಸುಮ್ಮನೆ ಹೊಳೆದದ್ದಲ್ಲ. ಹವ್ಯಾಸಕ್ಕೆ ಅಂತ ಒಂದು ಕ್ಯಾಲ್ಕುಲೇಟರಿನ ಮುಖವನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸ್ತಾ ಇದ್ದೀನಿ, ಅಡ್ಡಕ್ಕೆ ಐದು, ಉದ್ದಕ್ಕೆ ಎಂಟು. ಅಂಕಿಗಳನ್ನು ಕೂರಿಸುವುದು ನಿಮಿಷದ ಕೆಲಸ. ಉಳಿದ ಮನೆಗಳಲ್ಲಿ ಯಾರು, ಯಾವ ಹೆಸರಿನಲ್ಲಿ ಅನ್ನೋದು ಶುರುವಾದರೆ ಮುಗಿಯೋದೇ ಇಲ್ಲ.

ಹಳೆಯದನ್ನು ನೋಡಿದರೆ ಅಸೂಯೆ ಆಗುತ್ತೆ. 1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಿಂದ ಬಂದ ಎಚ್‌ಪಿ-35 ಜೇಬಿಗೆ ಇಳಿಯುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್. ಅದರಲ್ಲಿ 35 ಕೀಗಳು, ಹೆಸರು ಬಂದದ್ದೂ ಅಲ್ಲಿಂದಲೇ. ಮೇಲೆ ಐದೈದರ ಮೂರು ಸಾಲು, ಅದರ ಕೆಳಗೆ ಅಗಲವಾದ ಎಂಟರ್ ಇರುವ ಸಾಲು, ಆಮೇಲೆ ಅಂಕಿಗಳು. ಕೂಡು-ಕಳೆ ಕೀಗಳು ಎಡಗಡೆಗೆ. ಸಮ ಚಿಹ್ನೆಯ ಕೀಯೇ ಇಲ್ಲ, ಯಾಕಂದ್ರೆ ಅದರಲ್ಲಿ ಸಂಖ್ಯೆಗಳನ್ನು ಮೊದಲು ಕೊಟ್ಟು ಆಮೇಲೆ ಏನು ಮಾಡಬೇಕು ಅಂತ ಹೇಳಬೇಕು. ಪೈಗೆ ಸ್ವಂತ ಕೀ. ಒಂದು ಕೀಗೆ ಒಂದೇ ಕೆಲಸ. 'ಆರ್ಕ್' ಅನ್ನೋ ಒಂದೇ ಒಂದು ಕೀಯನ್ನು ಸೈನ್, ಕಾಸ್, ಟ್ಯಾನ್‌ಗಿಂತ ಮೊದಲು ಒತ್ತಬೇಕಿತ್ತು, ಬೆಲೆಯಿಂದ ಕೋನಕ್ಕೆ ವಾಪಸ್ ಹೋಗೋದಕ್ಕೆ. ಕೋನ ಡಿಗ್ರಿಯಲ್ಲಿ ಮಾತ್ರ. ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಬೇಕಿದ್ದವರು ತಾವೇ ಬದಲಾಯಿಸಿಕೊಳ್ಳಬೇಕಿತ್ತು, ಅದು ಕೊರತೆಯೇ; ಆದರೆ ಯಂತ್ರ ಈಗ ಯಾವ ಮೋಡ್‌ನಲ್ಲಿದೆ ಅನ್ನೋ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಹಾಗಂತ ಅದನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಅದರ ಎಕ್ಸ್-ಘಾತ-ವೈ ಕೀಯಲ್ಲಿ 2ರ ಘನ ಬೇಕಿದ್ದರೆ ಮೊದಲು 3, ಆಮೇಲೆ 2 ಕೊಡಬೇಕಿತ್ತು. ನಾವು ಓದುವ ಕ್ರಮಕ್ಕೆ ಉಲ್ಟಾ. ಕ್ರಮ ತಪ್ಪಿದರೆ 8ರ ಬದಲು 9 ಬರುತ್ತೆ, ಯಂತ್ರ ಚಕಾರ ಎತ್ತಲ್ಲ. ಮುಂದಿನ ಮಾದರಿಗಳಲ್ಲಿ ಅದು ವೈ-ಘಾತ-ಎಕ್ಸ್ ಆಯಿತು. 1973ರ ಎಚ್‌ಪಿ-45ರ ಹೊತ್ತಿಗೆ ಚಿನ್ನದ ಬಣ್ಣದ ಶಿಫ್ಟ್ ಕೀ ಬಂತು (ಅದನ್ನು ಮೊದಲು ಒತ್ತಿದರೆ ಮುಂದಿನ ಕೀ ತನ್ನ ಎರಡನೇ ಕೆಲಸ ಮಾಡುತ್ತೆ), ಅಲ್ಲಿಂದಾಚೆ ಒಂದೊಂದು ಕೀ ಮೇಲೂ ಎರಡು, ಮೂರು ಹೆಸರು.

ಈಗ ನನ್ನ ಪಟ್ಟಿಯ ಮೊದಲ ಅಪರಾಧಿ: ಹತ್ತರ ಘಾತದ ಕೀ. ಕ್ಯಾಸಿಯೊ ಕಂಪನಿಯ ಯಂತ್ರಗಳಲ್ಲಿ ವರ್ಷಗಟ್ಟಲೆ ಇದರ ಮೇಲೆ ಇಎಕ್ಸ್‌ಪಿ ಅಂತ ಮೂರಕ್ಷರ ಇತ್ತು. ಬೇರೆ ಕಂಪನಿಗಳಲ್ಲಿ ಇಇ ಅಥವಾ ಇಇಎಕ್ಸ್. 6.02×10²³ ಬರೆಯಬೇಕಾದ ಹುಡುಗ ಏನು ಮಾಡ್ತಾನೆ? ಪುಸ್ತಕದಲ್ಲಿ ಇರೋ ಹಾಗೆ 6.02 ಒತ್ತಿ, ಗುಣಾಕಾರ ಒತ್ತಿ, 10 ಒತ್ತಿ, ಆಮೇಲೆ ಘಾತ ಇದೇ ಇರಬೇಕು ಅಂತ ಈ ಕೀ ಒತ್ತಿ 23 ಕೊಡ್ತಾನೆ. ಉತ್ತರ ಸರಿಯಾಗಿ ಹತ್ತು ಪಟ್ಟು ದೊಡ್ಡದು. ಅಂಕಿಗಳೆಲ್ಲ ಹೇಗಿರಬೇಕೋ ಹಾಗೇ ಇವೆ, ಘಾತ ಒಂದು ಜಾಸ್ತಿ. ಇದಕ್ಕಿಂತ ಚೆನ್ನಾಗಿ ವೇಷ ಹಾಕಿದ ತಪ್ಪು ಸಿಗೋದು ಕಷ್ಟ. ಜೊತೆಗೆ ಪ್ರೋಗ್ರಾಮಿಂಗ್ ಕಲಿತವರಿಗೆ ಅದೇ ಮೂರಕ್ಷರ ಅಂದ್ರೆ ಇ-ಘಾತ-ಎಕ್ಸ್, ಅದು ಇನ್ನೊಂದು ಗುಂಡಿ.

ಕ್ಯಾಸಿಯೊದವರು ಇಎಸ್ ಸರಣಿಯಲ್ಲಿ ಇದನ್ನು ×10 ಬರೆದು ತಲೆ ಮೇಲೆ ಪುಟ್ಟ ಎಕ್ಸ್ ಇಟ್ಟು ಬದಲಾಯಿಸಿದರು. ಜಾಗ ಅದೇ, ದಶಮಾಂಶ ಬಿಂದುವಿನ ಪಕ್ಕ. ಒಳ್ಳೆ ಕೆಲಸ; '×10' ಅಂತ ಕೀ ಮೇಲೇ ಬರೆದಿರುವಾಗ ಮತ್ತೆ ಗುಣಾಕಾರ, ಹತ್ತು ಒತ್ತುವವರು ಕಮ್ಮಿಯಾಗಲೇಬೇಕು. ಆದರೆ ಒಂದು ತೂತು ಮುಚ್ಚಿದಾಗ ಪಕ್ಕದಲ್ಲಿ ಇನ್ನೊಂದು ಬಿತ್ತು. 6 ÷ 2 ಆದ ಮೇಲೆ ಈ ಕೀ ಒತ್ತಿ 3 ಕೊಟ್ಟರೆ ಯಂತ್ರ 6ನ್ನು 2000ದಿಂದ ಭಾಗಿಸುತ್ತೆ, ಉತ್ತರ 0.003. ಅದನ್ನೇ ಬಿಡಿಬಿಡಿಯಾಗಿ 6 ÷ 2 × 10³ ಅಂತ ಒತ್ತಿದರೆ 3000. ಓದೋದಕ್ಕೆ ಎರಡೂ ಒಂದೇ ಥರ. ಈ ಕೀ ಮಾಡೋದು ಗುಣಾಕಾರವೇ ಅಲ್ಲ, ಸಂಖ್ಯೆ ಬರೆಯುವ ವಿಧಾನ ಅದು. ದಶಮಾಂಶ ಬಿಂದು ಹೇಗೆ ಸಂಖ್ಯೆಯ ಭಾಗವೋ ಇದೂ ಹಾಗೇ, ಅದಕ್ಕೇ ಬಿಂದುವಿನ ಪಕ್ಕದ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ನನ್ನ ಹಾಳೆಯಲ್ಲಿ ×10 ಲೇಬಲನ್ನು ಹಾಗೇ ಉಳಿಸಿಕೊಂಡಿದ್ದೀನಿ, ಆದರೆ ಕೀಯ ಬಣ್ಣ ಅಂಕಿಗಳದ್ದು, ಕ್ರಿಯೆಗಳದ್ದಲ್ಲ. ಪರದೆ ಮೇಲೂ ಆ ×10 ಸಣ್ಣ ಅಕ್ಷರದಲ್ಲಿ, ಸಂಖ್ಯೆಗೆ ಅಂಟಿಕೊಂಡೇ ಬರಬೇಕು.

ಎರಡನೆಯದು ಕೋನದ ಮೋಡ್. ಸೈನ್ 30 ಕೇಳಿದಾಗ −0.988 ಬಂದರೆ ಯಾರಿಗಾದರೂ ಅನುಮಾನ ಬರುತ್ತೆ, ಪರವಾಗಿಲ್ಲ. ಸೈನ್ 45 ಕೇಳಿ ನೋಡಿ. ಡಿಗ್ರಿಯಲ್ಲಿ 0.707, ರೇಡಿಯನ್‌ನಲ್ಲಿ 0.851, ಗ್ರೇಡಿಯನ್‌ನಲ್ಲಿ 0.649 (ಲಂಬಕೋನವನ್ನು ನೂರು ಭಾಗ ಮಾಡುವ ಅಳತೆ ಅದು). ಮೂರೂ ಮರ್ಯಾದಸ್ಥ ಉತ್ತರಗಳೇ. ಯಾವ ಮೋಡ್ ಅಂತ ಹೇಳೋದಕ್ಕೆ ಪರದೆಯ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಅಕ್ಷರ, ಡಿ ಅಥವಾ ಆರ್. ಇದನ್ನು ಕೀಯಾಗಿ ಇಡಬೇಕಾ, ಮೆನುವಿನಲ್ಲಿ ಇಡಬೇಕಾ ಅಂತ ಚರ್ಚೆ ಮಾಡ್ತಾರೆ. ಎರಡೂ ಕಡೆ ತಪ್ಪೇ ಅಂತೀನಿ. ಕೀಯಾಗಿಟ್ಟರೆ ಕೈತಪ್ಪಿ ಬದಲಾಗುತ್ತೆ, ಮೆನುವಿನಲ್ಲಿಟ್ಟರೆ ಬದಲಾಗಿರೋದು ಗೊತ್ತಾಗಲ್ಲ. ಸೈನ್ ಕೀ ಒತ್ತಿ 45 ಕೊಟ್ಟ ತಕ್ಷಣ ಯಂತ್ರವೇ ಪಕ್ಕದಲ್ಲಿ ಡಿಗ್ರಿಯ ಸೊನ್ನೆಯನ್ನೋ ರೇಡಿಯನ್ನಿನ ಆರ್ ಅನ್ನೋ ಹಾಕಿ ತೋರಿಸಲಿ. ಕಣ್ಣು ಹೇಗೂ ಆ ಸಾಲಿನ ಮೇಲೇ ಇರುತ್ತೆ, ಅಂಚಿನ ಮೇಲಲ್ಲ. ಗ್ರೇಡಿಯನ್ ಬೇಕಾದವರು ಮೆನುವಿನಲ್ಲಿ ಹುಡುಕಿಕೊಳ್ಳಲಿ; ಸರ್ವೇ ಕೆಲಸದವರನ್ನು ಬಿಟ್ಟರೆ ಅದನ್ನು ಬೇಕಂತಲೇ ಆರಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಮೂರನೆಯದು ಮೈನಸ್. ಕಳೆಯುವ ಮೈನಸ್ ಒಂದು ಕೀ, ಋಣ ಸಂಖ್ಯೆಯ ಮೈನಸ್ ಬ್ರಾಕೆಟ್ಟಿನೊಳಗೆ ಕೂತ ಇನ್ನೊಂದು ಕೀ. ಶಾಲೆಯಲ್ಲಿ ಎರಡಕ್ಕೂ ಒಂದೇ ಗೆರೆ ಎಳೆದವರಿಗೆ ಇದು ಅತಿರೇಕ ಅನ್ನಿಸೋದು ಸಹಜ. ಒಂದು ಲೆಕ್ಕ ಮುಗಿದ ಮೇಲೆ −5 ರಿಂದ ಹೊಸ ಲೆಕ್ಕ ಶುರು ಮಾಡೋಕೆ ಅಂತ ಕಳೆಯುವ ಮೈನಸ್ ಒತ್ತಿದರೆ, ಯಂತ್ರ ಹಿಂದಿನ ಉತ್ತರದಿಂದ 5 ಕಳೆಯುತ್ತೆ. ಇನ್ನೊಂದು: ಸಾಲಾಗಿ ಬರೆಯುವ ಮಾದರಿಗಳಲ್ಲಿ ಮೈನಸ್, 3, ವರ್ಗ ಅಂತ ಒತ್ತಿದರೆ −9, 3 ಒತ್ತಿ ಚಿಹ್ನೆ ಬದಲಿಸಿ ವರ್ಗ ಒತ್ತುವ ಹಳೇ ಮಾದರಿಗಳಲ್ಲಿ 9. ಎರಡಕ್ಕೂ ಸಮರ್ಥನೆ ಇದೆ. ಆದರೆ ಕೀ ಮೇಲಿನ ಗುರುತು ನೋಡಿ ಯಾವುದು ಬರುತ್ತೆ ಅಂತ ಊಹಿಸೋಕಾಗಲ್ಲ. ಎರಡು ಕೀ ಇರಲೇಬೇಕು ಅನ್ನೋದು ನನ್ನ ಪಕ್ಷ. ಋಣದ ಕೀಯನ್ನು ಮಾತ್ರ ಮೇಲಿನ ಫಂಕ್ಷನ್ ಗುಂಪಿನಿಂದ ಇಳಿಸಿ ಸೊನ್ನೆಯ ಹತ್ತಿರ ತರಬೇಕು, ಅದೂ ಸಂಖ್ಯೆಯ ಭಾಗವೇ ಆದ್ದರಿಂದ.

ಇದಕ್ಕೆ ಎದುರಾಗಿ, ಜನ ಬೈಯುವ ಕೆಲವು ಲೇಬಲ್‌ಗಳು ನನ್ನ ಲೆಕ್ಕದಲ್ಲಿ ನಿರಪರಾಧಿಗಳು. ಎಸ್ ಮತ್ತು ಡಿ ನಡುವೆ ಎರಡು ತಲೆಯ ಬಾಣ ಇರುವ ಕೀ, ಹೆಸರಿನಿಂದ ಯಾರಿಗೂ ಅರ್ಥವಾಗಲ್ಲ. ಒಮ್ಮೆ ಒತ್ತಿದರೆ ಭಿನ್ನರಾಶಿ ದಶಮಾಂಶವಾಗುತ್ತೆ, ಮತ್ತೊಮ್ಮೆ ಒತ್ತಿದರೆ ವಾಪಸ್. ಒತ್ತಿದಾಗಲೇ ಕಲಿಸುತ್ತೆ, ಉತ್ತರ ಕೆಡಿಸಲ್ಲ. ಹಾಗೆಯೇ ಡಿಲೀಟ್ ಪಕ್ಕದಲ್ಲೇ ಎಲ್ಲವನ್ನೂ ಅಳಿಸುವ ಎಸಿ. ಕೈತಪ್ಪಿದರೆ ಸಿಟ್ಟು ಬರುತ್ತೆ ನಿಜ, ಆದರೆ ಹೋದದ್ದು ಹೋಯ್ತು ಅಂತ ಕಣ್ಣಿಗೆ ಕಾಣುತ್ತಲ್ಲ.

ಬಣ್ಣದ ವಿಷಯಕ್ಕೆ ಬರ್ತೀನಿ. ಶಿಫ್ಟ್‌ಗೆ ಹಳದಿ, ಆಲ್ಫಾಗೆ ಕೆಂಪು, ಕೀಗಳ ಮೇಲಂಚಿನಲ್ಲಿ ಇರುವೆ ಸಾಲಿನ ಹಾಗೆ ಅಕ್ಷರಗಳು. ಗಂಡಸರಲ್ಲಿ ಸುಮಾರು 12 ಜನರಲ್ಲಿ ಒಬ್ಬರಿಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣಲ್ಲ ಅನ್ನೋ ಮಾತು ಹಾಗಿರಲಿ, ಕಣ್ಣು ಚೆನ್ನಾಗಿರುವವರಿಗೂ ಕಪ್ಪು ಮೈಯ ಮೇಲಿನ ಸಣ್ಣ ಕೆಂಪಕ್ಷರ ಮಂದ ಬೆಳಕಿನಲ್ಲಿ ಮಾಯ. ಬಣ್ಣವನ್ನೇ ನಂಬಬಾರದು, ಜಾಗವೂ ಅದನ್ನೇ ಹೇಳಬೇಕು. 1982ರ ಎಚ್‌ಪಿ-15ಸಿಯಲ್ಲಿ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡಿ: ಮುಖ್ಯ ಹೆಸರು ಕೀಯ ತಲೆ ಮೇಲೆ, ಚಿನ್ನದ ಬಣ್ಣದ್ದು ಕೀಯಿಂದಾಚೆ ಮೇಲ್ಗಡೆ ಮೈಮೇಲೆ, ನೀಲಿಯದ್ದು ಕೀಯ ಮುಂದಿನ ಇಳಿಜಾರಿನ ಮೇಲೆ. ಬಣ್ಣ ಗೊತ್ತಾಗದಿದ್ದರೂ ಯಾವುದು ಯಾವ ಶಿಫ್ಟಿನದ್ದು ಅಂತ ಜಾಗವೇ ಹೇಳುತ್ತೆ. ಇಳಿಜಾರಿನ ಅಕ್ಷರಕ್ಕೆ ಬೆರಳು ತಾಗೋದೂ ಕಮ್ಮಿ. ಆ ಕಾಲದ ಎಚ್‌ಪಿ ಕೀಗಳಲ್ಲಿ ಮುಖ್ಯ ಅಕ್ಷರ ಅಚ್ಚು ಹಾಕಿದ್ದಲ್ಲ. ಬೇರೆ ಬಣ್ಣದ ಪ್ಲಾಸ್ಟಿಕ್ಕನ್ನು ಕೀಯೊಳಗೇ ಎರಕ ಹೊಯ್ದದ್ದು, ಸವೆದರೂ ಅಳಿಯಲ್ಲ.

ಮೈಮೇಲೆ ಬರೆಯೋದಾದರೆ ಇನ್ನೊಂದು ಸೂಕ್ಷ್ಮ ಇದೆ. ಎರಡು ಸಾಲುಗಳ ಮಧ್ಯದ ಜಾಗದಲ್ಲಿ ನಟ್ಟನಡುವೆ ಅಕ್ಷರ ಕೂರಿಸಿದರೆ ಅದು ಮೇಲಿನ ಕೀಯದ್ದೋ ಕೆಳಗಿನದ್ದೋ ತಿಳಿಯಲ್ಲ. ತನ್ನ ಕೀಗೆ ಅಂಟಿಕೊಂಡ ಹಾಗೆ, ಇನ್ನೊಂದರಿಂದ ಸ್ಪಷ್ಟವಾಗಿ ದೂರ ಇರಬೇಕು. ಮತ್ತೆ ಕೀಯ ಕೆಳಗಡೆ ಬರೆಯಲೇಬಾರದು. ಬೆರಳು ಬರೋದು ಕೆಳಗಿನಿಂದ, ಓದಬೇಕಾದ ಹೊತ್ತಿಗೆ ಅಕ್ಷರವನ್ನೇ ಮುಚ್ಚಿರುತ್ತೆ.

ಅಂಕಿಗಳು 7-8-9 ಮೇಲೆ ಇರಲಿ, ಬದಲಾಯಿಸೋಕೆ ಹೋಗಬೇಡಿ. ಫೋನಿನಲ್ಲಿ 1-2-3 ಮೇಲಿದೆ ನಿಜ, 1960ರ ಸುಮಾರಿಗೆ ಅಮೆರಿಕದ ಟೆಲಿಫೋನ್ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನವರು ಹಲವು ಜೋಡಣೆಗಳನ್ನು ಪರೀಕ್ಷಿಸಿ ನೋಡಿಯೇ ಹಾಗೆ ಮಾಡಿದ್ದು. ಆದರೂ ಕೈಗೆ ರೂಢಿಯಾದದ್ದನ್ನು ಕೆಡಿಸುವಷ್ಟು ಲಾಭ ಇಲ್ಲಿ ಇಲ್ಲ.

ಅಪರೂಪದವರಿಗೆ ಮೂಲೆ ಅನ್ನೋ ಆ ಎರಡನೇ ನಿಯಮವನ್ನಾದರೂ ಪಾಲಿಸ್ತಾರಾ? ಎಷ್ಟೋ ಮಾದರಿಗಳಲ್ಲಿ ಹೈಪರ್ಬಾಲಿಕ್‌ಗೆ ಸೈನ್ ಪಕ್ಕದಲ್ಲಿ ಪೂರ್ತಿ ಒಂದು ಕೀ, ಪೈ ಮಾತ್ರ ಶಿಫ್ಟಿನ ಕೆಳಗೆ. ವೃತ್ತದ ಲೆಕ್ಕ ಮಾಡುವವರು ಹೆಚ್ಚೋ, ತೂಗುವ ತಂತಿಯ ಸಮೀಕರಣ ಬಿಡಿಸುವವರು ಹೆಚ್ಚೋ? 1972ರಲ್ಲಿ ಗೊತ್ತಿದ್ದದ್ದು ಮಧ್ಯದಲ್ಲೆಲ್ಲೋ ಮರೆತುಹೋಯ್ತು. ಕ್ಯಾಸಿಯೊದ ಇತ್ತೀಚಿನ 991ಸಿಡಬ್ಲ್ಯು ಎಷ್ಟೋ ಫಂಕ್ಷನ್‌ಗಳನ್ನು ಕ್ಯಾಟಲಾಗ್ ಅನ್ನೋ ಮೆನುವಿಗೆ ತಳ್ಳಿ ಮುಖವನ್ನು ಹಗುರ ಮಾಡಿದೆ. ಆ ಧೈರ್ಯ ಮೆಚ್ಚಬೇಕು. ಆದರೆ ಭಿನ್ನರಾಶಿ-ದಶಮಾಂಶದ ಆ ಬಾಣದ ಕೀಯನ್ನೂ ಮೆನುವಿಗೆ ಕಳಿಸಿದ್ದು ನನಗೆ ಒಪ್ಪಿಗೆಯಿಲ್ಲ. ನಿರಪರಾಧಿಗೆ ಶಿಕ್ಷೆ ಆಯಿತು ಅದು.

ನನ್ನ ಹಾಳೆಯಲ್ಲಿ ಕೊನೆಯವರೆಗೆ ಕಾಡಿದ್ದು ಸೈನ್ ತಲೆ ಮೇಲಿನ −1. ಬೆಲೆಯಿಂದ ಕೋನಕ್ಕೆ ವಾಪಸ್ ಹೋಗು ಅನ್ನೋದಕ್ಕೆ 1813ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾನ್ ಹರ್ಷೆಲ್ ಬಳಕೆಗೆ ತಂದ ಬರವಣಿಗೆ ಅದು. ಅದೇ ಕ್ಯಾಲ್ಕುಲೇಟರಿನ ಮೇಲೆ ಎಕ್ಸ್ ತಲೆ ಮೇಲೂ −1 ಇರುವ ಕೀ ಇರುತ್ತೆ, ಅದರ ಅರ್ಥ 1ನ್ನು ಆ ಸಂಖ್ಯೆಯಿಂದ ಭಾಗಿಸು ಅಂತ. ಡಿಗ್ರಿಯಲ್ಲಿಟ್ಟು 0.5 ಕೊಟ್ಟರೆ ಮೊದಲನೆಯದು 30 ಅನ್ನುತ್ತೆ. ಸೈನ್ 0.5 ಮಾಡಿ ಎರಡನೆಯದನ್ನು ಒತ್ತಿದರೆ 114.59. ಒಂದೇ ಗುರುತು, ಒಂದೇ ಮುಖದ ಮೇಲೆ, ಎರಡು ಅರ್ಥ. ಎಚ್‌ಪಿ-35ರ ಹಾಗೆ 'ಆರ್ಕ್' ಅಂತ ಬರೆಯೋಣ ಅಂದ್ಕೊಂಡೆ. ಆದರೆ ಪಠ್ಯಪುಸ್ತಕದಲ್ಲಿ −1 ನೋಡಿದ ವಿದ್ಯಾರ್ಥಿ ಕೀಗಳ ಮೇಲೂ ಅದನ್ನೇ ಹುಡುಕುತ್ತಾಳೆ, 'ಆರ್ಕ್' ಅವಳ ಕಣ್ಣಿಗೆ ಬೀಳಲ್ಲ. ಹಾಗಾಗಿ ಸೈನ್ ಮೇಲಿನ −1 ಅಲ್ಲೇ ಇರಲಿ. ಇನ್ನೊಂದನ್ನು ಅಳಿಸಿ ಗೆರೆ ಹಾಕಿ, ಮೇಲೆ 1, ಕೆಳಗೆ ಎಕ್ಸ್ ಬರೆದಿದ್ದೀನಿ. ಅದಕ್ಕೆ ಪುಸ್ತಕದ ಹಂಗಿಲ್ಲ, ಭಿನ್ನರಾಶಿ ಗೊತ್ತಿದ್ದವರಿಗೆಲ್ಲ ಅದು ಏನು ಮಾಡುತ್ತೆ ಅಂತಲೂ ಗೊತ್ತು.