ಸತ್ಯಾಂಶ: ಅನಿಲ ಸೋರಿದರೆ ನೆಲಕ್ಕೆ ಬಗ್ಗಬೇಕೇ?

"ಕಾರ್ಖಾನೆಯಲ್ಲಿ ಯಾವ ಅನಿಲ ಸೋರಿದರೂ ತೆವಳುತ್ತಾ ಹೊರಬನ್ನಿ" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿದೆ. ಇದು ಬೆಂಕಿಯ ಹೊಗೆಗೆ ಹೇಳಿದ ಮಾತು. ಬಿಸಿ ಹೊಗೆ ಮೇಲೇರುವುದರಿಂದ ನೆಲದ ಬಳಿ ಉಸಿರಾಡಲು ತುಸು ಗಾಳಿ ಉಳಿದಿರುತ್ತದೆ.

ಕ್ಲೋರಿನ್ ಹಾಗಲ್ಲ. ಗಾಳಿಗಿಂತ ಸುಮಾರು 2.5 ಪಟ್ಟು ಭಾರವಾದ ಅದು ಹಳದಿ-ಹಸಿರು ಮಬ್ಬಾಗಿ ನೆಲಕ್ಕಂಟಿಕೊಂಡು ಹರಿದು ಗುಂಡಿ, ಚರಂಡಿ, ನೆಲಮಾಳಿಗೆಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ತೆವಳುವುದೆಂದರೆ ವಿಷದೊಳಗೇ ಮೂಗಿಟ್ಟಂತೆ. ಹಗುರವೆನ್ನುವ ಅಮೋನಿಯಾ ಕೂಡ ದ್ರವವಾಗಿ ಚಿಮ್ಮಿದರೆ ತಣ್ಣನೆಯ ಮೋಡವಾಗಿ ಕೆಲಹೊತ್ತು ನೆಲ ಹಿಡಿಯಬಹುದು.

ಚಾವಣಿಯ ಮೇಲಿನ ಗಾಳಿಚೀಲವನ್ನು, ಅಂದರೆ ಗಾಳಿ ಬೀಸುವ ದಿಕ್ಕು ತೋರುವ ಬಟ್ಟೆಯ ಕೊಳವೆಯನ್ನು ನೋಡಿ. ಅಲಂಕಾರಕ್ಕೆ ಕಟ್ಟಿದ್ದಲ್ಲ ಅದು. ಅದರ ಬಾಲ ತೋರುವ ದಿಕ್ಕಿಗೆ ಓಡಬೇಡಿ, ಅನಿಲವೂ ಅತ್ತಲೇ ಸಾಗುತ್ತದೆ. ಗಾಳಿಗೆ ಅಡ್ಡಲಾಗಿ ಸರಿದು, ಎತ್ತರದ ಜಾಗಕ್ಕೆ ಹೋಗಿ. ಆಮೇಲೆ ಹೊರಬಂದವರನ್ನು ಎಣಿಸುವ ಹಾಜರಿಯಲ್ಲಿ ಹೆಸರು ಹೇಳದೆ ಮನೆಗೆ ಹೊರಡಬೇಡಿ. ಇಲ್ಲವಾದರೆ ನಿಮ್ಮನ್ನು ಹುಡುಕಲು ಯಾರೋ ಒಳಗೆ ಹೋಗಬೇಕಾಗುತ್ತದೆ.